ಮೌನಕ್ಕೆ ಮೊದಲು ಮೈ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಪ್ರತಿವರ್ಷ ದಸರೆಯ ಕಾಲಕ್ಕೆ ಜರುಗುವ ಮಾಲತೇಶಸ್ವಾಮಿಯ ಕಾರ್ಣಿಕವನ್ನು ಒಮ್ಮೆಯಾದರೂ ಕಂಡವರಿಗೆ, ಮೌನವೂ ಒಂದು ಕ್ರಿಯೆ, ಅದಕ್ಕೂ ಕರ್ತೃಗಳುಂಟು ಎಂಬುದನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೊರವರ ಡಮರುಗ, ಡೊಳ್ಳಿನ ಮೇಳ, ಮಕ್ಕಳ ಪೀಪಿ, ಬೆಂಡು ಬತ್ತಾಸಿನ ಅಂಗಡಿಗಳವರ ಕೂಗು, ಭಕ್ತರ ಏಳುಕೋಟಿಯ ಉದ್ಘೋಷ, ಇವೆಲ್ಲ ಒಂದರ ಮೇಲೊಂದು ಬಿದ್ದು ಪಕ್ಕದವನ ಮಾತು ಪಕ್ಕದವನಿಗೆ ಕೇಳದಂತಿರುವ ಆ ಹೊತ್ತಿನಲ್ಲಿ, ಗೊರವಯ್ಯನು ಎತ್ತಿ ನಿಲ್ಲಿಸಿದ ಬಿಲ್ಲನ್ನೇರಿ, ಆಕಾಶವನ್ನೊಮ್ಮೆ ದಿಟ್ಟಿಸಿ, ‘ಸದ್ದಲೇ’ ಎಂದು ಕೂಗುತ್ತಾನೆ. ಕೂಗಿದ ಮರುಕ್ಷಣವೇ ಅಷ್ಟು ದೊಡ್ಡ ಜನಸ್ತೋಮವು ಬಾಯಿ ಮುಚ್ಚಿ ಮೇಲೆ ನೋಡುತ್ತ ನಿಂತುಬಿಡುತ್ತದೆ. ಮಳೆ, ಬೆಳೆ, ರಾಜಕಾರಣಗಳ ಮುನ್ಸೂಚನೆಯೆಂದು ಜನರು ತಮತಮಗೆ ತೋಚಿದಂತೆ ಅರ್ಥೈಸುವ ಒಂದೇ ಒಂದು ನುಡಿ ಹೊರಬೀಳುತ್ತದೆ, ನುಡಿದವನು ಬಿಲ್ಲಿನಿಂದ ಕೈಬಿಟ್ಟು ಕೆಳಗೆ ಕಾದವರ ತೋಳುಗಳಿಗೆ ಬೀಳುತ್ತಾನೆ, ಗದ್ದಲ ಮರಳುತ್ತದೆ. ಆ ನುಡಿಯ ಸತ್ಯಾಸತ್ಯವನ್ನು ಚರ್ಚಿಸುವುದು ಈ ಗ್ರಂಥದ ಕೆಲಸವಲ್ಲ. ಆದರೆ ಆ ಕೆಲವು ಕ್ಷಣಗಳ ಮೌನವನ್ನು ಬೇಡುವವನು ಅದಕ್ಕೆ ಮುನ್ನ ದಿನಗಟ್ಟಲೆ ಉಪವಾಸವ್ರತದಲ್ಲಿದ್ದು ಮೈಯನ್ನು ಹದಗೊಳಿಸಿಕೊಂಡಿರುತ್ತಾನೆಂಬ ಸಂಗತಿಯಲ್ಲಿ ಶರೀರಶಾಸ್ತ್ರಕ್ಕೆ ಸಲ್ಲುವ ಅಂಶವೊಂದುಂಟು.

ಕ್ಷಣಗಳ ಮೌನಕ್ಕೇ ಇಷ್ಟಾದರೆ, ಹತ್ತು ದಿನಗಳ ಮೌನಕ್ಕೆ ಮೊದಲ ಬಾರಿ ಹೊರಡುವ ಗೃಹಸ್ಥನು ಎಷ್ಟು ಸಿದ್ಧನಾಗಬೇಕಾದೀತು? ನಾನು ಕಂಡಂತೆ, ಹೊರಡುವವರ ಸಿದ್ಧತೆ ಬಹುಮಟ್ಟಿಗೆ ಪುಸ್ತಕದ್ದು. ಧ್ಯಾನದ ಬಗೆಗೆ ನಾಲ್ಕು ಗ್ರಂಥ ತಿರುವುತ್ತಾರೆ, ಹೋಗಿಬಂದವರಿಂದ ಅನುಭವದ ಕಥೆ ಕೇಳುತ್ತಾರೆ, ಸಡಿಲವಾದ ಬಿಳಿಯ ಬಟ್ಟೆ ಕೊಳ್ಳುತ್ತಾರೆ. ಆದರೆ ಹೊರಡುವ ಹಿಂದಿನ ರಾತ್ರಿಯವರೆಗೂ ಹನ್ನೊಂದಕ್ಕೆ ಮಲಗಿ, ದಿನಕ್ಕೆ ಆರು ಬಾರಿ ಚಹಾ ಕುಡಿದು, ಇಡೀ ದಿನ ಕುರ್ಚಿಯ ಮೇಲೆ ಕುಳಿತು, ಇಳಿಯುವ ನಿಲ್ದಾಣ ಬರುವತನಕ ಫೋನನ್ನು ತಿಕ್ಕುತ್ತ ಹೋಗುತ್ತಾರೆ. ಮನಸ್ಸು ಒಪ್ಪಿದರೆ ಮೈ ಹಿಂಬಾಲಿಸೀತೆಂಬುದು ಅವರ ಭರವಸೆ. ಅದು ಹಿಂಬಾಲಿಸುವುದಿಲ್ಲ. ಮೊದಲ ಮೂರು ದಿನಗಳಲ್ಲಿ ಸಾಧಕನೊಡನೆ ಜಗಳ ಕಾಯುವುದು ಮೈಯೇ. ಮನಸ್ಸಿನ ಸರದಿ ಬರುವುದು ಆಮೇಲೆ.

ಇಂದು ನಮ್ಮ ದೇಶದಲ್ಲಿ ಮೌನಶಿಬಿರವೆಂದೊಡನೆ ಜನರಿಗೆ ಹೊಳೆಯುವುದು ವಿಪಶ್ಯನದ ಹತ್ತು ದಿನಗಳ ಶಿಬಿರ. ಬರ್ಮಾ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಹುದ್ದೆಯಲ್ಲಿದ್ದುಕೊಂಡೇ ಧ್ಯಾನ ಕಲಿಸುತ್ತಿದ್ದ ಸಯಾಜಿ ಉ ಬಾ ಖಿನ್ ಅವರಲ್ಲಿ ಅಭ್ಯಾಸ ಮಾಡಿದ, ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ವ್ಯಾಪಾರಸ್ಥ ಸತ್ಯನಾರಾಯಣ ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು; 1976ರಲ್ಲಿ ಇಗತ್‌ಪುರಿಯ ಧಮ್ಮಗಿರಿ ಆರಂಭವಾಯಿತು; ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ ಧಮ್ಮ ಪಫುಲ್ಲ ಎಂಬ ಕೇಂದ್ರವಿದೆ. ಶುಲ್ಕವಿಲ್ಲ. ಬೆಳಗಿನ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ, ರಾತ್ರಿ ಒಂಬತ್ತೂವರೆಗೆ ದೀಪ ಆರುತ್ತದೆ, ನಡುವೆ ಸುಮಾರು ಹತ್ತು ಗಂಟೆಗಳ ಕಾಲ ಕುಳಿತಿರತಕ್ಕದ್ದು. ಮೊದಲ ಮೂರೂವರೆ ದಿನ ಮೂಗಿನ ಹೊಳ್ಳೆಗಳ ಬಳಿ ಉಸಿರಿನ ಆಗಮನಿರ್ಗಮನಗಳನ್ನು ಗಮನಿಸುವುದು. ಅನಂತರ ಅಂಗಾಂಗಗಳಲ್ಲಿ ಉಂಟಾಗುವ ಸಂವೇದನೆಗಳನ್ನು, ಅವು ಹಿತವಾಗಲಿ ಅಹಿತವಾಗಲಿ, ಅಲುಗಾಡದೆ ನೋಡುವುದು. ಓದು, ಬರಹ, ಫೋನು, ಸಹಸಾಧಕರೊಡನೆ ಮಾತು, ಸನ್ನೆ, ಇವು ನಿಷಿದ್ಧ; ಆಚಾರ್ಯರನ್ನು ಪ್ರಶ್ನಿಸಬಹುದು, ವ್ಯವಸ್ಥಾಪಕರಲ್ಲಿ ತಾಪತ್ರಯ ಹೇಳಿಕೊಳ್ಳಬಹುದು.

ಮೌನವು ಈ ಸೀಮೆಗೆ ಹೊಸದೇನಲ್ಲ. ಶ್ರಾವಣಮಾಸದಲ್ಲಿ ಮಠಾಧೀಶರು ಮೌನಾನುಷ್ಠಾನಕ್ಕೆ ಕೂಡುವುದನ್ನೂ, ಅದು ಮಂಗಲವಾಗುವ ದಿನ ಊರಿಗೆ ಊರೇ ದರ್ಶನಕ್ಕೆ ನೆರೆಯುವುದನ್ನೂ ಇಲ್ಲಿನ ಹಳ್ಳಿಗರು ಬಲ್ಲರು. ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ, ಅಲ್ಲಿಗೆ ಬಂದ ವಟುಗಳಿಗೆ ಶಾಸ್ತ್ರಾಧ್ಯಯನದೊಡನೆ ಯೋಗಾಭ್ಯಾಸವನ್ನೂ ನಿಯತವಾದ ದಿನಚರಿಯನ್ನೂ ಕಡ್ಡಾಯಗೊಳಿಸಿದರು. ಬೆಳಗಿನ ಜಾವ ಏಳುವುದು, ಮಿತವಾಗಿ ಉಣ್ಣುವುದು, ನೆಲದ ಮೇಲೆ ನೆಟ್ಟಗೆ ಕೂಡುವುದು ಬಾಲ್ಯದಲ್ಲಿಯೇ ರಕ್ತಗತವಾದ ಆ ಸಾಧಕನಿಗೆ ಮುಂದೊಂದು ದಿನ ಅನುಷ್ಠಾನಕ್ಕೆ ಕೂಡುವುದು ಅಪರಿಚಿತ ದೇಶಕ್ಕೆ ಕಾಲಿಟ್ಟಂತೆ ಆಗುತ್ತಿರಲಿಲ್ಲ. ಹೊಸ ಕಾಲದ ಶಿಬಿರವಾದರೋ ಬ್ಯಾಡಗಿಯ ದಲ್ಲಾಳಿ ಅಂಗಡಿಯ ಗುಮಾಸ್ತನನ್ನು ಗಾದಿಯ ಮೇಲಿಂದ ಎಬ್ಬಿಸಿ ನೇರವಾಗಿ ಧ್ಯಾನಮಂದಿರದಲ್ಲಿ ಕೂಡಿಸುತ್ತದೆ. ಮಠವು ವರ್ಷಗಳಲ್ಲಿ ಮಾಡಿಸುತ್ತಿದ್ದ ಪೂರ್ವಸಿದ್ಧತೆಯನ್ನು ಅವನು ಮನೆಯಲ್ಲಿ ಎರಡು ಮೂರು ವಾರಗಳಲ್ಲಿ ತನಗೆ ತಾನೇ ಮಾಡಿಕೊಳ್ಳಬೇಕು.

ಮೊದಲು ತಿಳಿದಿರಬೇಕಾದದ್ದೆಂದರೆ ಮೌನದಲ್ಲಿ ನಿಶ್ಶಬ್ದವಿರುವುದಿಲ್ಲ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಶ್ರವಣಶಕ್ತಿ ಸರಿಯಾಗಿದ್ದ 80 ಮಂದಿಯನ್ನು ಸದ್ದೇ ಹೊಗದ ಕೊಠಡಿಯಲ್ಲಿ ಕೆಲವು ನಿಮಿಷ ಕೂಡಿಸಿ, ಏನು ಕೇಳಿಸಿತೆಂದು ವಿಚಾರಿಸಿದಾಗ, ಅವರಲ್ಲಿ ಶೇಕಡಾ 94ರಷ್ಟು ಜನ ಗುಂಯ್ಗುಡುವಿಕೆ, ಸಿಳ್ಳು, ಮಿಡಿತ ಮುಂತಾದ ಸದ್ದುಗಳನ್ನು ವರ್ಣಿಸಿದರು. ಹೊರಗಿನ ಶಬ್ದ ಇಳಿದಂತೆ ಶ್ರವಣವ್ಯೂಹವು ತನ್ನ ಸೂಕ್ಷ್ಮತೆಯನ್ನು ಏರಿಸಿಕೊಳ್ಳುವುದೆಂದೂ, ಆಗ ಅದರ ಒಳಗಿನ ಚಟುವಟಿಕೆಯೇ ಸದ್ದಾಗಿ ತೋರುವುದೆಂದೂ ಇದನ್ನು ಹಲವರು ವಿವರಿಸುತ್ತಾರೆ. ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳ ಮೊರೆತದಲ್ಲಿ ದಿನ ಕಳೆಯುವ ಮೋಟೆಬೆನ್ನೂರಿನ ನಿವಾಸಿ ಶಿಬಿರದ ಮೊದಲ ರಾತ್ರಿ ಕಿವಿಯೊಳಗೆ ಜೀರುಂಡೆ ಹೊಕ್ಕಂತಾಯಿತೆಂದು ಗಾಬರಿಗೊಂಡರೆ, ಅದಕ್ಕೆ ಆಧ್ಯಾತ್ಮಿಕ ಕಾರಣವನ್ನೂ ಹುಡುಕಬೇಕಾಗಿಲ್ಲ, ರೋಗವೆಂದೂ ಬೆದರಬೇಕಾಗಿಲ್ಲ.

ಮನಸ್ಸಿನ ಸದ್ದು ಇದಕ್ಕಿಂತ ದೊಡ್ಡದು. ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರವಿರುವ ಮಿದುಳು ದೇಹದ ಶಕ್ತಿವ್ಯಯದಲ್ಲಿ ಶೇಕಡಾ 20ರಷ್ಟನ್ನು ಬಳಸುತ್ತದೆ. ಒಂದು ಲೆಕ್ಕ ಬಿಡಿಸಲು ತೊಡಗಿದರೆ ಈ ವ್ಯಯ ಅಲ್ಪಸ್ವಲ್ಪ ಏರುವುದೇ ಹೊರತು ಸುಮ್ಮನೆ ಕುಳಿತಾಗ ಇಳಿದುಬಿಡುವುದಿಲ್ಲ. ಕೆಲಸವಿಲ್ಲದಾಗ ಮಿದುಳಿನ ಕೆಲವು ಪ್ರದೇಶಗಳು ಒಟ್ಟಾಗಿ ಹೆಚ್ಚು ಚುರುಕಾಗುವುದನ್ನು ಗಮನಿಸಿದ ಅಮೆರಿಕದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ಅದನ್ನು ಮಿದುಳಿನ ಸಹಜಸ್ಥಿತಿಯ ವ್ಯಾಪಾರವೆಂದು ಕರೆದರು. ನಿನ್ನೆಯ ಅವಮಾನ, ನಾಳಿನ ಕಂತು, ತನ್ನನ್ನು ಕುರಿತು ಅವರಿವರು ಏನೆಂದುಕೊಂಡಾರೆಂಬ ಊಹೆ, ಇವು ಹೆಣೆಯಲ್ಪಡುವುದು ಬಹುಮಟ್ಟಿಗೆ ಈ ಜಾಲದಲ್ಲಿಯೇ. ಎಚ್ಚರದ ವೇಳೆಯಲ್ಲಿ ಮನಸ್ಸು ಎಷ್ಟು ಹೊತ್ತು ಕೈಯಲ್ಲಿನ ಕೆಲಸವನ್ನು ಬಿಟ್ಟು ಅಲೆಯುತ್ತದೆಂದು ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅವರು 2250 ಮಂದಿಯನ್ನು ಫೋನಿನ ಮೂಲಕ ಆಗಾಗ್ಗೆ ಕೇಳಿ 2010ರಲ್ಲಿ ಪ್ರಕಟಿಸಿದ ಉತ್ತರ ಶೇಕಡಾ 46.9.

ಇದಕ್ಕಿಂತಲೂ ಕುತೂಹಲಕರವಾದದ್ದು 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೊತಿ ವಿಲ್ಸನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗ. ಬರಿದಾದ ಕೋಣೆಯಲ್ಲಿ 15 ನಿಮಿಷ ಒಬ್ಬರೇ ಕುಳಿತು ಆಲೋಚಿಸಬೇಕು. ಬೇಕೆನಿಸಿದರೆ ಒಂದು ಗುಂಡಿ ಒತ್ತಿ ತಮಗೆ ತಾವೇ ವಿದ್ಯುತ್ತಿನ ಆಘಾತ ಕೊಟ್ಟುಕೊಳ್ಳಬಹುದು. ಆ ಆಘಾತವನ್ನು ಮೊದಲೇ ಅನುಭವಿಸಿ, ಅದನ್ನು ತಪ್ಪಿಸಿಕೊಳ್ಳಲು ದುಡ್ಡು ಕೊಟ್ಟೇವೆಂದು ಹೇಳಿದ್ದವರಲ್ಲಿಯೇ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿದರು. ಹದಿನೈದು ನಿಮಿಷದ ಸುಮ್ಮನಿರುವಿಕೆಗಿಂತ ನೋವು ಲೇಸೆನಿಸಿತು. ಹತ್ತು ದಿನಗಳಿಗೆ ಹೊರಟವನು ಆದುದರಿಂದ ಮನೆಯಲ್ಲಿ ಈ ಹದಿನೈದು ನಿಮಿಷವನ್ನಾದರೂ ದಿನವೂ ರೂಢಿ ಮಾಡಿಕೊಳ್ಳತಕ್ಕದ್ದು. ಧ್ಯಾನವೆಂಬ ದೊಡ್ಡ ಹೆಸರೇನೂ ಅದಕ್ಕೆ ಬೇಕಾಗಿಲ್ಲ; ಹಾವೇರಿಯ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಾಗ ಫೋನನ್ನು ಜೇಬಿನಲ್ಲಿಯೇ ಬಿಟ್ಟು ಕಾಯುವುದು ಸಾಕು. ಈ ಅಭ್ಯಾಸ ಎಷ್ಟು ಕಠಿನವೆಂಬುದನ್ನು ಮಾಡಿದವರೇ ಬಲ್ಲರು.

ಇನ್ನು ಚಹಾದ ವಿಷಯ. ನಮ್ಮ ಕಡೆ ಬಂದವರಿಗೆ ಚಹಾ, ಹೊರಟವರಿಗೆ ಚಹಾ, ಧಾರಣೆ ಕುದುರಿದರೆ ಚಹಾ, ಕುದುರದಿದ್ದರೂ ಚಹಾ. ಎಲೆಯಲ್ಲಿರುವ ಕೆಫೀನ್ ರಕ್ತದಿಂದ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ದಿನವಿಡೀ ಮಿದುಳು ದುಡಿದಂತೆ ಶೇಖರಗೊಳ್ಳುತ್ತ ನಿದ್ರೆಯನ್ನು ಕರೆಯುವ ಅಡೆನೊಸಿನ್ ಎಂಬ ದ್ರವ್ಯವು ಕೂಡಬೇಕಾದ ಗ್ರಾಹಕಗಳಲ್ಲಿ ಕೆಫೀನ್ ತಾನೇ ಹೋಗಿ ಕೂಡುತ್ತದೆ. ನಿತ್ಯವೂ ಹೀಗಾದರೆ ಮಿದುಳು ಅದಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಕೆಫೀನ್ ಒಮ್ಮೆಗೇ ನಿಂತಾಗ ಅಡೆನೊಸಿನ್ನಿನ ಪ್ರಭಾವ ತಡೆಯಿಲ್ಲದೆ ತೋರಿ, ಮಿದುಳಿನ ರಕ್ತನಾಳಗಳು ಹಿಗ್ಗಿ, ತಲೆ ಸಿಡಿಯತೊಡಗುತ್ತದೆ. ಈ ತಲೆನೋವು ಕೊನೆಯ ಬಟ್ಟಲಿನಿಂದ 12 ರಿಂದ 24 ಗಂಟೆಗಳೊಳಗೆ ಆರಂಭವಾಗಿ, 20 ರಿಂದ 51 ಗಂಟೆಗಳ ನಡುವೆ ಪರಾಕಾಷ್ಠೆಗೇರಿ, 2 ರಿಂದ 9 ದಿನಗಳವರೆಗೂ ಇರಬಹುದೆಂದು ಜೂಲಿಯಾನೊ ಮತ್ತು ಗ್ರಿಫಿತ್ಸ್ ಅವರು ಹಲವಾರು ಅಧ್ಯಯನಗಳನ್ನು ಪರಾಮರ್ಶಿಸಿ 2004ರಲ್ಲಿ ಬರೆದರು. ಈ ವೇಳಾಪಟ್ಟಿಯನ್ನು ಶಿಬಿರದ ದಿನಗಳ ಮೇಲೆ ಇಟ್ಟು ನೋಡಿದರೆ, ಎರಡನೆಯ ದಿನ ಗಂಟುಮೂಟೆ ಕಟ್ಟಿಕೊಂಡು ಊರ ಹಾದಿ ಹಿಡಿಯಬಯಸುವ ಎಷ್ಟೋ ಮಂದಿಯ ವೈರಾಗ್ಯವು ಚಹಾದ ಅಭಾವದಿಂದಲೇ ಬಂದದ್ದೆಂದು ಶಂಕಿಸಲು ಆಸ್ಪದವಿದೆ. ಬೆಳಗಿನ ಉಪಾಹಾರದೊಡನೆಯೂ ಸಂಜೆ ಐದಕ್ಕೂ ಅಲ್ಲಿ ಚಹಾ ದೊರೆಯುವುದುಂಟು. ಆದರೆ ಆರರ ಜಾಗದಲ್ಲಿ ಎರಡು. ಆದ್ದರಿಂದ ಹೊರಡುವುದಕ್ಕೆ ಎರಡು ವಾರ ಮೊದಲೇ, ಎರಡು ಮೂರು ದಿನಕ್ಕೊಂದು ಬಟ್ಟಲಿನಂತೆ ಇಳಿಸುತ್ತ ಬಂದು ಎರಡಕ್ಕೆ ನಿಲ್ಲಿಸತಕ್ಕದ್ದು. ತಂಬಾಕು, ಗುಟ್ಕಾಗಳ ಚಟವುಳ್ಳವರಿಗೆ ಇಷ್ಟು ಸಾಲದು. ನಿಕೋಟಿನ್ ಬಿಟ್ಟಾಗಿನ ಚಡಪಡಿಕೆ ಎರಡು ಮೂರನೆಯ ದಿನಕ್ಕೆ ಅತ್ಯಂತ ತೀವ್ರವಾಗಿರುವುದರಿಂದ, ಅಂಥವರು ಚಟವನ್ನು ವೈದ್ಯರ ನೆರವಿನಿಂದ ಬಿಟ್ಟು, ಕೆಲವು ವಾರ ಕಳೆದ ಬಳಿಕ ಅರ್ಜಿ ಹಾಕುವುದು ವಿವೇಕ.

ನಾಲ್ಕಕ್ಕೆ ಏಳುವುದು ರೈತನಿಗೆ ಕಷ್ಟವಲ್ಲ, ಪೇಟೆಯವನಿಗೆ ಕಷ್ಟ. ದೇಹದ ಕಣಕಣಗಳಲ್ಲಿರುವ ಗಡಿಯಾರದ ಯಂತ್ರರಚನೆಯನ್ನು ಬಿಡಿಸಿದ್ದಕ್ಕಾಗಿ ಹಾಲ್, ರೊಸ್ಬಾಷ್, ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನ ಈ ಗಡಿಯಾರದ ಸುತ್ತು ಸರಾಸರಿ 24 ಗಂಟೆಗಿಂತ ತುಸು ಉದ್ದ. ಬೆಳಗಿನ ಬೆಳಕು ಅದನ್ನು ದಿನವೂ ತಿದ್ದುತ್ತದೆ. ಸುತ್ತು ಉದ್ದವಾದುದರಿಂದ ತಡವಾಗಿ ಮಲಗುವುದು ನಮಗೆ ಸುಲಭ, ಬೇಗ ಮಲಗುವುದು ದುಸ್ತರ. ಹನ್ನೊಂದಕ್ಕೆ ಮಲಗುವವನು ಒಂದೇ ಏಟಿಗೆ ಒಂಬತ್ತೂವರೆಗೆ ಮಲಗಿದರೆ ನಿದ್ರೆ ಬಾರದೆ ಹೊರಳಾಡುತ್ತಾನೆ. ಎರಡು ದಿನಕ್ಕೊಮ್ಮೆ ಕಾಲುಗಂಟೆಯಂತೆ ಹಿಂದಕ್ಕೆ ಸರಿಸಿ, ಎದ್ದೊಡನೆ ಹೊರಗಿನ ಬೆಳಕಿಗೆ ಬಂದರೆ ಗಡಿಯಾರ ಒಪ್ಪುತ್ತದೆ. ಹಸಿವಿಗೂ ಇದೇ ನ್ಯಾಯ. ಹೊಸ ಸಾಧಕರಿಗೆ ಸಂಜೆ ಐದರ ಹಣ್ಣು ಚುರುಮುರಿಗಳ ನಂತರ ಮರುದಿನದ ಬೆಳಗಿನವರೆಗೆ ಊಟವಿಲ್ಲ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರು ಕಂಡುಹಿಡಿದ ಗ್ರೆಲಿನ್ ಎಂಬ ಜಠರದ ರಸವು ರೂಢಿಯ ಊಟದ ಹೊತ್ತಿಗೆ ಮುಂಚಿತವಾಗಿ ರಕ್ತದಲ್ಲಿ ಏರುತ್ತದೆ. ಸಂಜೆ ಆರಕ್ಕೆ ಗಿರಮಿಟ್ಟು ಮಿರ್ಚಿ, ಒಂಬತ್ತಕ್ಕೆ ರೊಟ್ಟಿ ಎಂಬ ಕ್ರಮ ಹಿಡಿದವನಿಗೆ ಅದು ಆರಕ್ಕೂ ಒಂಬತ್ತಕ್ಕೂ ಬಂದು ಬಾಗಿಲು ತಟ್ಟುತ್ತದೆ. ಹೊಟ್ಟೆಯಲ್ಲಿ ಅನ್ನ ಉಳಿದಿದ್ದರೂ ಹಸಿವೆನಿಸುವುದು ಇದರಿಂದಲೇ. ರಾತ್ರಿಯೂಟವನ್ನು ಒಂದು ವಾರ ಮುಂಚೆ ಏಳಕ್ಕೆ ತಂದು ಹಗುರ ಮಾಡಿದರೆ ಈ ರಸವೂ ಹೊಸ ವೇಳೆಯನ್ನು ಕಲಿಯುತ್ತದೆ.

ಈಗ ಮೊಣಕಾಲಿಗೆ ಬರೋಣ. ಶಿಬಿರದಲ್ಲಿ ಪರಮಾತ್ಮನಿಗಿಂತ ಹೆಚ್ಚಾಗಿ ನೆನೆಯಲ್ಪಡುವುದು ಅದೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿಯ ತಿಂಗಳುಗಳಲ್ಲಿ ತೊಟ್ಟು ಬಿಡಿಸುವ ಹೆಂಗಸರು ಕೆಂಪು ರಾಶಿಯ ಸುತ್ತ ಬೆಳಗಿನಿಂದ ಸಂಜೆಯವರೆಗೆ ಕುಳಿತಿರುತ್ತಾರಷ್ಟೆ. ಅವರನ್ನು ಸ್ವಲ್ಪ ಹೊತ್ತು ನೋಡಿದರೆ ತಿಳಿಯುತ್ತದೆ: ಅವರು ಒಂದೇ ಭಂಗಿಯಲ್ಲಿ ಕೂತಿರುವುದಿಲ್ಲ. ಒಂದು ಕಾಲು ಮಡಚಿ ಒಂದು ಚಾಚಿ, ಸ್ವಲ್ಪ ಹೊತ್ತಿಗೆ ಅದನ್ನು ಬದಲಿಸಿ, ಮಡಿಸಿದ ಗೋಣಿಚೀಲವನ್ನು ಕುಂಡೆಯ ಕೆಳಗಿಟ್ಟು ಸೊಂಟವನ್ನು ಮೊಣಕಾಲಿಗಿಂತ ಎತ್ತರಿಸಿಕೊಂಡು, ಕೈಬೆರಳುಗಳ ಚಲನೆ ಕೆಡದಂತೆ ಉಳಿದ ಮೈಯನ್ನು ಸದಾ ಸರಿಸುತ್ತಿರುತ್ತಾರೆ. ಆ ಗೋಣಿಚೀಲದಲ್ಲಿ ಅಂಗರಚನಾಶಾಸ್ತ್ರ ಅಡಗಿದೆ. ಸೊಂಟ ಎತ್ತರವಿದ್ದರೆ ಬೆನ್ನೆಲುಬಿನ ಕೆಳಭಾಗದ ಸ್ವಾಭಾವಿಕ ಬಾಗು ಉಳಿಯುತ್ತದೆ, ಮೊಣಕಾಲಿನ ಮೇಲಿನ ತಿರುಚು ಕಡಿಮೆಯಾಗುತ್ತದೆ. ಚಕ್ಕಳಮಕ್ಕಳ ಹಾಕಿ ಬಹುಕಾಲ ಅಲುಗದೆ ಕುಳಿತವನ ಕಾಲು ಜೋಮು ಹಿಡಿಯುವುದಕ್ಕೆ ಕಾರಣ, ಮೊಣಕಾಲಿನ ಹೊರಬದಿಯಲ್ಲಿ ಎಲುಬಿನ ಮೇಲೆ ಚರ್ಮಕ್ಕೆ ತೀರ ಸಮೀಪದಲ್ಲಿ ಹಾದುಹೋಗುವ ನರವು ಒತ್ತಡಕ್ಕೆ ಸಿಕ್ಕುವುದು. ಒತ್ತಡ ಬಿಟ್ಟೊಡನೆ ನರದ ಎಳೆಗಳು ಕ್ರಮತಪ್ಪಿ ಸಂದೇಶ ಕಳುಹಿಸತೊಡಗುವುದೇ ಸೂಜಿ ಚುಚ್ಚಿದಂತಹ ಅನುಭವ. ಜೋಮು ಇಳಿಯುವ ಮುನ್ನ ಎದ್ದು ನಿಂತರೆ ಮುಗ್ಗರಿಸಿ ಬೀಳುವುದು ಖಂಡಿತ. ಮತ್ತು ಪಾದದ ಮುಂಭಾಗವನ್ನು ಮೇಲೆತ್ತಲಾಗದ ಸ್ಥಿತಿ ಉಳಿದುಬಿಟ್ಟರೆ, ಅದನ್ನು ತಪಸ್ಸೆಂದು ಸಹಿಸದೆ ಕೂಡಲೇ ವ್ಯವಸ್ಥಾಪಕರಿಗೆ ತಿಳಿಸಿ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಊಟಕ್ಕೆ, ಪತ್ರಿಕೆ ಓದುವುದಕ್ಕೆ ನೆಲದ ಮೇಲೆ ಕೂಡುವುದನ್ನು ಮರಳಿ ಆರಂಭಿಸಿದರೆ ಅರ್ಧ ಸಿದ್ಧತೆ ಆದಂತೆ. ಮೊಣಕಾಲು ಸವೆದವರು ಮೊದಲೇ ತಿಳಿಸಿ ಕುರ್ಚಿ ಕೇಳಿ ಪಡೆಯಬಹುದು, ಅದರಲ್ಲಿ ಸಣ್ಣತನವೇನಿಲ್ಲ.

ಮೆಣಸಿನಕಾಯಿಯ ಪ್ರಸಂಗ ಬಂದುದರಿಂದ ನೋವಿನ ಬಗೆಗೂ ಅಲ್ಲಿಯೇ ಕಲಿಯಬಹುದು. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬ್ಯಾಡಗಿ ಕಾಯಿ ಹೆಸರಾದದ್ದು ಗಾಢವಾದ ಬಣ್ಣಕ್ಕೆ, ಖಾರ ಕಡಿಮೆ. ಹಾಗಿದ್ದೂ ರಾಶಿಯ ಮುಂದೆ ದಿನವೆಲ್ಲ ಕುಳಿತವರ ಅಂಗೈ ಉರಿಯುತ್ತದೆ, ಘಾಟು ಮೂಗಿಗೇರುತ್ತದೆ, ನೀರಿನಲ್ಲಿ ಎಷ್ಟು ತೊಳೆದರೂ ಉರಿ ಹೋಗುವುದಿಲ್ಲ. ಎಣ್ಣೆ ಹಚ್ಚಿ ಒರೆಸಿದರೆ ಇಳಿಯುತ್ತದೆ, ಏಕೆಂದರೆ ಕ್ಯಾಪ್ಸೈಸಿನ್ ಜಿಡ್ಡಿನಲ್ಲಿ ಕರಗತಕ್ಕ ವಸ್ತು. ಈ ಉರಿಯ ಮೂಲವನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಪತ್ತೆಹಚ್ಚಿದರು, 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಚರ್ಮದ ನರತುದಿಗಳಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಗೆ ತೆರೆದುಕೊಳ್ಳುವ ಒಂದು ದ್ವಾರವಿದೆ. ಕ್ಯಾಪ್ಸೈಸಿನ್ ಬಿಸಿಯಿಲ್ಲದೆಯೇ ಅದನ್ನು ತೆರೆಯುತ್ತದೆ. ಸುಟ್ಟಿಲ್ಲ, ಆದರೂ ಸುಟ್ಟ ಸಮಾಚಾರ ಮಿದುಳಿಗೆ ಮುಟ್ಟುತ್ತದೆ. ನೋವೆಂಬುದು ಗಾಯದ ಅಳತೆಗೋಲಲ್ಲ, ಗಾಯದ ಬಗೆಗೆ ನರಮಂಡಲ ಕಟ್ಟುವ ಊಹೆಯೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ನನಗೆ ತಿಳಿಯದು. ಆ ಊಹೆಗೆ ಎರಡು ಮುಖಗಳು: ಎಷ್ಟು ತೀವ್ರ ಎಂಬುದೊಂದು, ಎಷ್ಟು ಅಸಹ್ಯ ಎಂಬುದಿನ್ನೊಂದು. 2011ರಲ್ಲಿ ಫಾಡೆಲ್ ಝೈದಾನ್ ಮತ್ತು ಸಂಗಡಿಗರು 15 ಮಂದಿಗೆ ನಾಲ್ಕು ದಿನ, ದಿನಕ್ಕೆ 20 ನಿಮಿಷದಂತೆ ಧ್ಯಾನ ಕಲಿಸಿ, ಮೀನಖಂಡಕ್ಕೆ 49 ಡಿಗ್ರಿಯ ಬಿಸಿ ತಾಗಿಸಿ ವಿಚಾರಿಸಿದಾಗ, ತೀವ್ರತೆ ಶೇಕಡಾ 40ರಷ್ಟೂ ಅಸಹ್ಯತೆ ಶೇಕಡಾ 57ರಷ್ಟೂ ಇಳಿದಿತ್ತು. ಸಣ್ಣ ಪ್ರಯೋಗ, ದೊಡ್ಡ ತೀರ್ಮಾನಕ್ಕೆ ಸಾಲದು. ಆದರೆ ಎರಡನೆಯದು ಹೆಚ್ಚು ಇಳಿದುದು ಗಮನಾರ್ಹ. ಶಿಬಿರದ ನಾಲ್ಕನೆಯ ದಿನದ ಬಳಿಕ ಒಂದು ಗಂಟೆ ಅಲುಗದೆ ಕೂಡಬೇಕೆಂಬ ಅಧಿಷ್ಠಾನದ ಬೈಠಕ್ಕುಗಳಲ್ಲಿ ಸಾಧಕನು ಪ್ರತ್ಯೇಕಿಸಲು ಕಲಿಯುವುದು ಇವೆರಡನ್ನೇ. ಮನೆಯಲ್ಲಿ ಇದನ್ನು ಸೊಳ್ಳೆಯ ಕಡಿತದ ತುರಿಕೆಯಲ್ಲಿ ಅಭ್ಯಸಿಸಬಹುದು: ಒಂದೆರಡು ನಿಮಿಷ ಕೆರೆಯದೆ, ಅದು ಏರಿ, ಹರಡಿ, ಇಳಿಯುವುದನ್ನು ನೋಡುವುದು. ಹಾವೇರಿಯ ಮಳೆಗಾಲದಲ್ಲಿ ಈ ಉಪಕರಣಕ್ಕೆ ಕೊರತೆಯಿಲ್ಲ.

ಏಕಾಗ್ರತೆಯ ಬಗೆಗೆ ಜನರು ವೃಥಾ ಹೆದರುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ರಾಡಾರ್ ಪರದೆಯನ್ನು ನೋಡುತ್ತ ಕೂಡುವ ಸೈನಿಕರು ಶತ್ರುವಿನ ಗುರುತನ್ನು ಏಕೆ ತಪ್ಪಿಸುತ್ತಾರೆಂದು ಪರೀಕ್ಷಿಸಿದ ನಾರ್ಮನ್ ಮ್ಯಾಕ್‌ವರ್ತ್, ಮೊದಲ ಅರ್ಧ ಗಂಟೆಯೊಳಗೇ ಎಚ್ಚರ ಗಣನೀಯವಾಗಿ ಕುಸಿಯುವುದೆಂದು 1948ರಲ್ಲಿ ತೋರಿಸಿದರು. ಇದು ಮನುಷ್ಯಜಾತಿಗೇ ಸಹಜ. ಉಸಿರಿನಿಂದ ಮನಸ್ಸು ಜಾರಿತೆಂದು ನೊಂದುಕೊಳ್ಳುವವನು ಈ ಲೆಕ್ಕವನ್ನು ನೆನೆಯಲಿ. ಆದರೆ ಈ ಶಕ್ತಿ ಸಾಧನೆಯಿಂದ ಬೆಳೆಯತಕ್ಕದ್ದು. ಕೊಲೊರಾಡೊದ ಶಿಬಿರದಲ್ಲಿ ಮೂರು ತಿಂಗಳ ಕಾಲ ದಿನಕ್ಕೆ ಸುಮಾರು ಐದು ಗಂಟೆ ಧ್ಯಾನಿಸಿದವರು ಇಂತಹ ನೀರಸ ಪರೀಕ್ಷೆಯಲ್ಲಿ ಎಚ್ಚರವನ್ನು ಉಳಿಸಿಕೊಂಡುದನ್ನು ಕ್ಯಾಥರೀನ್ ಮ್ಯಾಕ್ಲೀನ್ ಮತ್ತು ಸಂಗಡಿಗರು 2010ರಲ್ಲಿ ವರದಿ ಮಾಡಿದರು. ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಇದನ್ನು ಯಾವ ಶಿಬಿರಕ್ಕೂ ಹೋಗದೆ ಸಾಧಿಸಿದ್ದಾರೆಂದು ನನ್ನ ಅಭಿಪ್ರಾಯ. ಮರುದಿನ ಅರಳಬೇಕಾದ ಹತ್ತಿಯ ಮೊಗ್ಗನ್ನು ಸಂಜೆಯೇ ಗುರುತಿಸಿ, ಶಲಾಕೆಗೆ ಉಗುರು ತಾಕದಂತೆ ಕೇಸರಗಳನ್ನು ತೆಗೆದು, ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಅದಕ್ಕೆ ಸವರುವ ಆ ಕೆಲಸದಲ್ಲಿ ಒಂದು ಕ್ಷಣ ಮೈಮರೆತರೂ ಬೀಜ ಕೆಡುತ್ತದೆ. ಅವರು ಹಾಡುತ್ತ, ಹರಟುತ್ತ ಅದನ್ನು ಮಾಡುತ್ತಾರೆ. ಗಮನಕ್ಕೂ ಮೌನಕ್ಕೂ ಅವಿನಾಭಾವ ಸಂಬಂಧವಿದೆಯೆಂದು ಸಾರುವವರು ಈ ಹೊಲಗಳಿಗೊಮ್ಮೆ ಬರಬೇಕು.

ಧ್ಯಾನಸ್ಥನಿಗೆ ಹೊರಗಿನ ಸದ್ದು ಕೇಳಿಸದೆಂಬ ನಂಬಿಕೆಯೂ ಪ್ರಚಲಿತವಾಗಿದೆ. 1961ರಲ್ಲಿ ದೆಹಲಿಯ ಆನಂದ್, ಛೀನಾ ಮತ್ತು ಬಲದೇವ್ ಸಿಂಗ್ ಅವರು ಯೋಗಿಗಳ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿ, ಸಮಾಧಿಯಲ್ಲಿದ್ದಾಗ ದೊಡ್ಡ ಸದ್ದಾದರೂ ಆ ತರಂಗಗಳು ಕದಲಲಿಲ್ಲವೆಂದರು. 1966ರಲ್ಲಿ ಜಪಾನಿನ ಕಸಮಾತ್ಸು ಮತ್ತು ಹಿರಾಯ್ ಅವರು ಝೆನ್ ಸಾಧಕರನ್ನು ಪರೀಕ್ಷಿಸಿ, ಸಾಮಾನ್ಯರು ನಾಲ್ಕಾರು ಬಾರಿ ಕೇಳಿ ಉದಾಸೀನರಾಗುವ ಟಿಕ್ಕೆಂಬ ಸದ್ದಿಗೆ ಈ ಸಾಧಕರು ಪ್ರತಿಬಾರಿಯೂ ಮೊದಲ ಸಲ ಕೇಳಿದಂತೆಯೇ ಸ್ಪಂದಿಸಿದರೆಂದರು. ಒಂದು ಕಡೆ ಕಿವುಡು, ಇನ್ನೊಂದು ಕಡೆ ನಿತ್ಯನೂತನ ಶ್ರವಣ. ಎರಡು ದರ್ಶನಗಳ ಭೇದಕ್ಕೆ ಇಷ್ಟು ಚೆಲುವಾಗಿ ಹೊಂದುವ ಈ ಫಲಿತಾಂಶಗಳು ದಶಕಗಳ ಕಾಲ ಗ್ರಂಥಗಳನ್ನು ಅಲಂಕರಿಸಿದುವು. ಆದರೆ 1981ರಲ್ಲಿ ಬೆಕರ್ ಮತ್ತು ಶಪೀರೊ ಅವರು ಹಲವು ಪಂಥಗಳ ಸಾಧಕರನ್ನು ಒಂದೇ ವಿಧಾನದಲ್ಲಿ ಪರೀಕ್ಷಿಸಿದಾಗ ಅಂತಹ ವ್ಯತ್ಯಾಸ ಕಾಣಲಿಲ್ಲ. ಪಕ್ಕದವನ ಕೆಮ್ಮು ಕೇಳಿಸಿತೆಂದು ನಿಮ್ಮ ಧ್ಯಾನ ಕೆಟ್ಟಿತೆಂದುಕೊಳ್ಳಬೇಡಿ.

ಹೋಗಬಾರದವರು ಯಾರೆಂಬುದನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಹೋಗಿಬಂದವರು ಇದನ್ನು ಹೇಳುವುದು ವಿರಳ. ಲಿಂಡಾಲ್, ಬ್ರಿಟನ್ ಮುಂತಾದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 60 ಧ್ಯಾನಿಗಳನ್ನು ಸಂದರ್ಶಿಸಿ, ಭೀತಿ, ನಿದ್ರಾನಾಶ, ತಾನೇ ತನಗೆ ಅಪರಿಚಿತವೆನಿಸುವ ಭ್ರಾಂತಿ ಮೊದಲಾದ 59 ಬಗೆಯ ಅನುಭವಗಳನ್ನು ಪಟ್ಟಿಮಾಡಿದರು. ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದ ತೀವ್ರ ಮನೋರೋಗಗಳ ಇತಿಹಾಸವುಳ್ಳವರಿಗೆ ದೀರ್ಘಮೌನ ಮತ್ತು ಕಡಿಮೆ ನಿದ್ರೆಗಳ ಈ ಜೋಡಿ ಅಪಾಯಕಾರಿ. ಶಿಬಿರದ ಅರ್ಜಿಯಲ್ಲಿ ಇದನ್ನು ಕೇಳುತ್ತಾರೆ, ಮುಚ್ಚಿಡಕೂಡದು. ನಿತ್ಯದ ಔಷಧವನ್ನು, ಸಕ್ಕರೆ ರೋಗದ್ದಾಗಲಿ ರಕ್ತದೊತ್ತಡದ್ದಾಗಲಿ ಖಿನ್ನತೆಯದ್ದಾಗಲಿ, ಧ್ಯಾನದ ಭರವಸೆಯಲ್ಲಿ ಬಿಡಕೂಡದು. ಸಕ್ಕರೆಯವರು ಸಂಜೆಯ ಊಟವಿಲ್ಲದಿರುವುದಕ್ಕೆ ತಕ್ಕಂತೆ ಔಷಧದ ಪ್ರಮಾಣವನ್ನು ವೈದ್ಯರಲ್ಲಿ ಗೊತ್ತುಮಾಡಿಕೊಂಡೇ ಹೊರಡಬೇಕು. ಸಂದೇಹವಿದ್ದರೆ ಹಾವೇರಿಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ದೂರವೇನಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಕರೆಮಾಡಿ ಮನೆಯಿಂದಲೇ ವಿಚಾರಿಸಬಹುದು.

ಉಳಿದದ್ದು ಮನೆಯವರ ಮಾತು. ಮಗನು ವಿಷಯ ತಿಳಿಸಿದಾಗ ತಾಯಿ ಕೇಳುವ ಪ್ರಶ್ನೆ ತತ್ತ್ವದ್ದಲ್ಲ: “ಹತ್ತ ದಿನ ಮಾತ ಆಡಂಗಿಲ್ಲ, ಫೋನೂ ಹಚ್ಚಂಗಿಲ್ಲ ಅಂದ್ರ, ನೀ ಉಂಡಿಯೋ ಇಲ್ಲೋ ಅಂತ ನಾ ಯಾರನ್ನ ಕೇಳ್ಲಿ ತಮ್ಮಾ?” ಅದಕ್ಕೆ ಸರಿಯಾದ ಉತ್ತರವೂ ತತ್ತ್ವದ್ದಲ್ಲ: “ಅಲ್ಲಿ ಆಫೀಸಿನ ನಂಬರ್ ಗ್ವಾಡಿಗೆ ಬರದು ಹೋಗ್ತೀನಿ ಬೇ ಯವ್ವಾ, ಅಷ್ಟ ಅರ್ಜೆಂಟ್ ಇದ್ರ ಅಲ್ಲಿಗೆ ಹಚ್ಚು, ಅವ್ರು ನನಗ ಹೇಳ್ತಾರ.” ಈ ವ್ಯವಸ್ಥೆಯ ಹಿಂದೆಯೂ ಮನಶ್ಶಾಸ್ತ್ರವಿದೆ. ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಹೆಚ್ಚು ಕಾಡುತ್ತದೆಂದು 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಹೇಳಿದುದನ್ನು ಮುಂದಿನ ಪ್ರಯೋಗಗಳೆಲ್ಲ ಸಮರ್ಥಿಸದಿದ್ದರೂ, ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಕಂಡುಕೊಂಡ ಸಂಗತಿ ಬಹಳ ಉಪಯುಕ್ತ: ಕೆಲಸ ಮುಗಿಯದಿದ್ದರೂ ಅದನ್ನು ಎಂದು, ಎಲ್ಲಿ, ಹೇಗೆ ಮುಗಿಸಬೇಕೆಂದು ನಿಷ್ಕರ್ಷಿಸಿಟ್ಟರೆ ಅದರ ಕಾಟ ಕಡಿಮೆಯಾಗುತ್ತದೆ. ಸೊಸೈಟಿಯ ಕಂತು ಯಾವ ತಾರೀಖಿಗೆ, ದಲ್ಲಾಳಿಯಿಂದ ಬರಬೇಕಾದ ಬಾಕಿಯನ್ನು ಯಾರು ಹೋಗಿ ತರಬೇಕು, ಎಮ್ಮೆಗೆ ಮೇವು ಯಾರು ಹಾಕಬೇಕು, ಇವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಮನೆಯಲ್ಲಿ ಬಿಟ್ಟು ಹೋಗತಕ್ಕದ್ದು. ಬರೆಯದೆ ಹೋದವನು ಆ ಪಟ್ಟಿಯನ್ನು ಧ್ಯಾನಮಂದಿರದಲ್ಲಿ ನೂರು ಬಾರಿ ಬರೆಯುತ್ತಾನೆ.

ಮರಳುವಾಗಿನ ಎಚ್ಚರವೂ ಸಿದ್ಧತೆಯ ಭಾಗವೇ. ಹತ್ತನೆಯ ದಿನ ಬೆಳಿಗ್ಗೆ ಮೌನವನ್ನು ಸಡಿಲಿಸಿ, ಮರುದಿನ ಮುಂಜಾನೆ ಬೀಳ್ಕೊಡುವುದು ಈ ಪದ್ಧತಿಯಲ್ಲಿನ ಜಾಣ್ಮೆ. ಮಾತಿನ ಹೊಳೆ ಒಡೆದು ಹರಿದು ಇಳಿಯಲು ಒಂದು ಹಗಲು ಸಿಕ್ಕುತ್ತದೆ. ಆದರೂ ಅದೇ ದಿನ ಮೋಟಾರು ನಡೆಸಿಕೊಂಡು ಹೆದ್ದಾರಿಗೆ ಇಳಿಯುವುದಕ್ಕಿಂತ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳನ್ನು ಒಂದಾದಮೇಲೊಂದು ಮುಟ್ಟುವ ಹುಬ್ಬಳ್ಳಿಯ ಕಡೆಯ ರೈಲಿನಲ್ಲಿ ಕಿಟಕಿಯ ಬಳಿ ಕುಳಿತು ಬರುವುದು ಲೇಸು. ಮನೆಯ ಊಟಕ್ಕೆ ಕೂಡುವಾಗಲೂ ಒಂದು ವಿಷಯ ನೆನಪಿರಲಿ. ದಿನನಿತ್ಯ ಖಾರ ತಿನ್ನುವವರ ನಾಲಗೆಯ ನರತುದಿಗಳು ಕ್ಯಾಪ್ಸೈಸಿನ್ನಿಗೆ ಒಗ್ಗಿ ಮಂದವಾಗಿರುತ್ತವೆ, ಬಿಟ್ಟರೆ ಕ್ರಮೇಣ ಮರಳಿ ಚುರುಕಾಗುತ್ತವೆ. ಶಿಬಿರದ ಸಪ್ಪೆ ಸಾತ್ತ್ವಿಕ ಆಹಾರದ ಬಳಿಕ, ಹುಟ್ಟಿದಂದಿನಿಂದ ತಿಂದುಕೊಂಡು ಬಂದ ಕೆಂಪಿಂಡಿಯೇ ಮೊದಲ ತುತ್ತಿಗೆ ಕಣ್ಣಲ್ಲಿ ನೀರು ತರಿಸಬಹುದು. ರೊಟ್ಟಿಯ ಮೇಲೆ ಗಟ್ಟಿ ಮೊಸರನ್ನು ತುಸು ಹೆಚ್ಚಾಗಿಯೇ ಹಾಕಿಸಿಕೊಳ್ಳಿ.